ಬಸುರಿ ಬೇಡಿದ ಸೌತೆಕಾಯಿ

ಪಕ್ಕದ ಊರಲ್ಲಿ ಒಬ್ಬ ಶ್ರೀಮಂತನಿದ್ದ. ಪಕ್ಕದ ಊರು ಎಂದೆ. ನೀವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಡಿ.

ವಿಷ ಹಾಕದೆ ಬೆಳೆಯುವ ರೈತರ ಸಂಘಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆಂಬ ಸುದ್ದಿ ಬಂತು. ಎರೆಹುಳು ಕಂಡರೆ ಕಾಲಲ್ಲಿ ಹೊಸಕುತ್ತಿದ್ದ ಶ್ರೀಮಂತನಿಗೆ ಅಂದೇ ಭೂತಾಯಿಯ ಮೇಲೆ ಭಕ್ತಿ ಹುಟ್ಟಿತು. ನೋಡಿ, ಭಕ್ತಿ ಎಲ್ಲೆಲ್ಲಿಂದ ಹುಟ್ಟುತ್ತದೆ. ಸಣ್ಣ ರೈತರನ್ನು ಕೂಡಿಸಿ ಸಂಘ ಕಟ್ಟಿದ, ತಾನೇ ಅಧ್ಯಕ್ಷನಾದ. ತನ್ನ ಸೌತೆ ತೋಟವೇ ಮಾದರಿ ಎಂದು ಬೋರ್ಡು ನೆಟ್ಟ. ಅದರ ನೆರಳಿಗೇ ನಾಲ್ಕು ಬಳ್ಳಿ ಬಾಡಿದವು.

ತೋಟ ನೋಡಲು ಅಧಿಕಾರಿ ಬರುವರೆಂದಾಯಿತು. ಅವರು ಒಪ್ಪಿದರೆ ಮಾತ್ರ ಸಹಾಯಧನ. ಹಿಂದಿನ ದಿನ ಹೋಗಿ ನೋಡುತ್ತಾನೆ, ಎಲೆಯಲ್ಲಿ ತೂತು, ಕಾಯಿಯ ಮೇಲೆ ಹುಳು. ವಿಷವಿಲ್ಲ ಎನ್ನಲು ಹುಳುವಿಗಿಂತ ದೊಡ್ಡ ಸಾಕ್ಷಿ ಬೇಕೆ? ಅವನಿಗದು ಅವಮಾನವಾಗಿ ಕಂಡಿತು. ಸಂಜೆ ಪಂಪು ಹೆಗಲಿಗೇರಿಸಿ ಔಷಧಿ ಹೊಡೆದ.

ಬೆಳಗ್ಗೆ ಒಂದು ಬುಟ್ಟಿ ಕಾಯಿ ಎಂದಿನಂತೆ ಸಂತೆಗೆ ಹೋಯಿತು. ಆಮೇಲೆ ಅಧಿಕಾರಿ ಬಂದರು, ನಡುವಯಸ್ಸಿನ ಹೆಣ್ಣುಮಗಳು. ಸಂಘದವರೆಲ್ಲ ನೆರೆದರು. ಹೆರಿಗೆಗೆ ಬಂದಿದ್ದ ಶ್ರೀಮಂತನ ಮಗಳೂ ಬದುವಿನ ಮೇಲೆ ನಿಂತಳು. ಅಧಿಕಾರಿ ಒಂದು ಎಳೆಕಾಯಿ ಹರಿದು ಶ್ರೀಮಂತನ ಮುಂದೆ ಹಿಡಿದರು.

"ತಗೋರಿ ಅಧ್ಯಕ್ಷರ, ಮೊದಲ ತುತ್ತು ನಿಮ್ಮದು."

"ಇವತ್ತ ಸೋಮವಾರರೀ. ನಂದು ಉಪವಾಸ."

ಸಂಘದ ಮುದುಕನೊಬ್ಬ ಕೇಳಿದ, "ಮುಂಜಾನಿ ಹೋಟೆಲಿನ್ಯಾಗ ಮಿರ್ಚಿ ತಿನ್ನೂಮುಂದ ಯಾವ ವಾರ ಇತ್ತರೀ ಗೌಡ್ರ?"

ಎಲ್ಲರೂ ನಕ್ಕರು. ಮಗಳು ಕೈ ಚಾಚಿದಳು. "ಯಪ್ಪಾ, ಅದನ್ನ ನನಗರ ಕೊಡು. ನೋಡಿದ್ರನ ಬಾಯಾಗ ನೀರ ಬರಾಕತ್ತೈತಿ."

"ಬ್ಯಾಡವ್ವಾ, ಥಂಡಿ ಆದೀತು."

"ಬಸುರಿ ಬೇಡಿದ್ದನ್ನ ಇಲ್ಲ ಅನಬಾರದ್ರೀ," ಎಂದು ಅಧಿಕಾರಿ ಕಾಯಿಯನ್ನು ಅವಳ ಕೈಗಿತ್ತರು. ಹೌದು ಹೌದು ಎಂದರು ನೆರೆದವರು. ಮಗಳು ಹುಣಸೆಚಿಗುರು ಕೇಳಿದಾಗ ಮೂರು ಊರು ತಿರುಗಿ ತಂದಿದ್ದ ಅಪ್ಪ, ಈಗ ಏನೆಂದಾನು? ಬಾಯಿ ಬಿಟ್ಟರೆ ಸಹಾಯಧನ ಹೋಗುತ್ತದೆ. ಮುಚ್ಚಿಕೊಂಡರೆ?

ಅವಳು ಕಾಯಿಯನ್ನು ಸೆರಗಿಗೆ ಒರೆಸಿದಳು. ಬಾಯಿಗೆ ಒಯ್ದಳು. ಶ್ರೀಮಂತ ಹಾರಿ ಬಂದು ಕೈಗೆ ಹೊಡೆದ. ಕಾಯಿ ಮಣ್ಣಿಗೆ ಬಿತ್ತು.

"ನಿನ್ನಿ ಸಂಜಿಗೆ ಕಾಯಿಗೆ ವಿಷದ ಎಣ್ಣಿ ಹೊಡದೇನಿ, ನನ ತಾಯಿ," ಎಂದ.

ಮಗಳು ಅಪ್ಪನನ್ನೇ ನೋಡಿದಳು. ಒಂದೇ ಮಾತು ಕೇಳಿದಳು: "ಹಂಗಾದ್ರ ಮುಂಜಾನಿ ಸಂತಿಗೆ ಹೋದ ಬುಟ್ಟಿ?"

ಸಹಾಯಧನ ಬರಲಿಲ್ಲ. ಅದನ್ನು ಬಿಡಿ. ಆ ಬುಟ್ಟಿಯೂ ತಿರುಗಿ ಬರಲಿಲ್ಲ.

ಈಗ ನಕ್ಕಿರಲ್ಲ, ಒಂದು ಕೇಳುತ್ತೇನೆ. ಮನೆಗೆಂದು ಔಷಧಿ ಹೊಡೆಯದ ಎರಡು ಸಾಲು ನಿಮ್ಮ ಹೊಲದಲ್ಲಿ ಇವೆಯಲ್ಲವೆ? ಉಳಿದ ಸಾಲನ್ನು ತಿನ್ನುವವರು ಯಾರ ಮಕ್ಕಳು? ಸಂತೆಯಲ್ಲಿ ಬಸುರಿಯರಿಲ್ಲವೆ? ಸರ್ಕಾರ ಹಣ ಕೊಡಲಿ, ಬಿಡಲಿ. ಶಿವನು ಬೋರ್ಡು ಓದುವುದಿಲ್ಲ. ಮನೆಗೊಂದು ಸಾಲು, ಸಂತೆಗೊಂದು ಸಾಲು ಎನ್ನುವುದನ್ನು ನಾಳೆಯಿಂದ ಬಿಡಿ. ಬುಟ್ಟಿ ತುಂಬಿದ ಮೇಲೆ ಒಂದು ಕಾಯಿ ತೆಗೆದು ನಿಮ್ಮ ಮಗಳ ಕೈಗೆ ಕೊಡಿ. ಕೊಡುವಾಗ ಕೈ ನಡುಗಿದರೆ, ಆ ಬುಟ್ಟಿಯನ್ನು ತಲೆಯ ಮೇಲೆ ಹೊರಬೇಡಿ.