ಎರಡೂ ಕೈ ತೋರಿಸು

...ಏಳಬೇಡ ಕಣೋ ಕನಕರಾಜು, ಒರಗಿಕೊಂಡೇ ಇರು. ನಾನೇನು ಬೀಗನಾ, ಎದ್ದು ಕೂರೋಕೆ? ಇಲ್ಲ ಪುಟ್ಟತಾಯಮ್ನೋರೇ, ಕಾಫಿ ಬೇಡ. ನಿಮ್ಮ ಮಗನ್ನ ಮಾತಾಡಿಸ್ಕೊಂಡು ಹೊರಡ್ತೀನಿ.

ನೋವು ಕಮ್ಮಿ ಆಯ್ತೇನೋ? ಕೈ ಹೋದ್ಮೇಲೂ ಆ ಬೆರಳು ನೋಯ್ತವಂತೆ... ಡಾಕ್ಟ್ರು ಹೇಳಿದ್ರು.

ಯಾಕೋ ನಗ್ತೀಯ? ‘ಕೋಚ್’ ಅಂತ ಬರೆದಿರೋ ಈ ಟೀ ಶರ್ಟ್ ನೋಡಿಯಾ? ನಗು, ನಗು. ಮ್ಯಾನೇಜರ್ ಗೌರೀಶ್ ಹೋದ, ಕೋಚ್ ಗೌರೀಶ್ ಬಂದ. ಶುಂಠಿ ತೊಳೆಯೋ ಕಂಪನಿಗೆ ಕೋಚು! ಒಂದು ಶೆಡ್ ಇದ್ದಾಗ ನಾನು ಕೂಗಿದ್ರೆ ಪಿರಿಯಾಪಟ್ಟಣದ ಲಾರಿ ತುಂಬ್ತಿತ್ತು. ಶೆಡ್ ಮೂರಾದವು, ಮೈಸೂರಿಂದ ಹೊಸ ಮೇಡಮ್ ಬಂದ್ರು. ‘ಅಪ್ಪಣೆ ಕೊಡಬೇಡಿ ಗೌರೀಶ್, ಪ್ರಶ್ನೆ ಕೇಳಿ. ತಂಡವೇ ತೀರ್ಮಾನ ಮಾಡಲಿ.’ ಬೆಳಿಗ್ಗೆ ಎಲ್ಲರೂ ಸುತ್ತ ನಿಂತು, ಯಾರಿಗೆ ಏನು ಅಡ್ಡಿ ಅಂತ ಹೇಳೋದು... ನೀನೇ ಅಣಕಿಸ್ತಿದ್ದೆಯಲ್ಲ, ‘ನನ್ನ ಅಡ್ಡಿ ಹಸಿವು ಸಾರ್’ ಅಂತ!

ಮೊದಲು ಹೆಂಗಿತ್ತು? ಶುಂಠಿ ತೊಳೆಯೋ ಡ್ರಮ್ಮಿಗೆ ಕಲ್ಲು ಸಿಕ್ಕಿಕೊಂಡ್ರೆ, ಅದು ತಿರುಗದಂಗೆ ಫ್ಯೂಸು ಕಿತ್ತು ನನ್ನ ಅಂಗಿ ಜೇಬಲ್ಲಿ ಇಟ್ಕೋತಿದ್ದೆ. ಒಳಗೆ ಕೈ ಹಾಕಿದೋನು ಬಂದು ಎರಡೂ ಕೈ ತೋರಿಸಬೇಕು. ಆಮೇಲೇ ಫ್ಯೂಸು. ಮೇಷ್ಟ್ರು ಉಗುರು ನೋಡ್ದಂಗೆ ಅಂತ ಆಡ್ಕೋತಿದ್ರಿ. ಮೇಡಮ್ಮು, ‘ಇದರಲ್ಲಿ ನಂಬಿಕೆಯೇ ಇಲ್ಲವಲ್ಲ’ ಅಂದ್ರು. ಫ್ಯೂಸು ನನ್ನ ಜೇಬಿಂದ ಗೋಡೆ ಮೊಳೆಗೆ ಹೋಯ್ತು. ಯಾರು ಬೇಕಾದ್ರೂ ತಗೋಬೋದು.

ನಿನ್ನ ಕೈ ಹೋದದ್ದರ ಬಗ್ಗೆ ನಾಳೆ ಮೀಟಿಂಗ್ ಅದೆ ಕಣೋ. ಯಾರನ್ನೂ ದೂರಬಾರದಂತೆ, ಕಲಿತದ್ದನ್ನ ಹೇಳಬೇಕಂತೆ. ಹಂಗಂದ್ರೂ ಒಬ್ಬನ್ನ ಮನೆಗೆ ಕಳಿಸ್ತಾರೆ, ಗೊತ್ತು. ಈ ವಯಸ್ಸಲ್ಲಿ ನನ್ನ ಇನ್ಯಾರು ಕರೀತಾರೆ? ನೀನು ಮೇಡಮ್‌ಗೆ ಫೋನಲ್ಲಿ ಒಂದು ಮಾತು ಹೇಳು, ಸಾಕು. ಗೌರೀಶಣ್ಣ ಆಗ ಅಲ್ಲಿರಲಿಲ್ಲ, ಇದ್ದಿದ್ರೆ ತಡೀತಿದ್ರು ಅಂತ. ನಾನು ಮೂರನೇ ಶೆಡ್ಡಲ್ಲಿದ್ದೆ. ನಿಜ ತಾನೇ?

ಹೂಂ ಅನ್ನೋ.

ಕನಕಾ... ಹೂಂ ಅನ್ನು.

ಚಿನ್ನು ಮೇಲೆ ಕೋಪ ಮಾಡ್ಕೋಬೇಡ. ಹೊಸ ಹುಡುಗಿ, ನೀನು ಡ್ರಮ್ಮಿನ ಹಿಂದೆ ಬಗ್ಗಿದ್ದದ್ದು ಅವಳಿಗೆ ಕಾಣಲಿಲ್ಲ. ಮೊಳೆಯಿಂದ ಫ್ಯೂಸು ತಗೊಂಡ್ಳು, ತಿರುಗಿ ‘ಹಾಕ್ಲಾ ಸಾರ್’ ಅಂತ ಕೇಳಿದ್ಳು ಪಾಪ. ನಾನು, ‘ನಿನಗೇನನ್ಸುತ್ತೆ’ ಅಂದೆ...

...

ಹಂಗೆ ನೋಡಬೇಡ ಕಣೋ. ಆವತ್ತೂ ನೀನು ಡ್ರಮ್ಮಿನ ಹಿಂದಿಂದ ಹಿಂಗೇ ತಲೆ ಎತ್ತಿ ನನ್ನ ನೋಡಿದ್ದೆ. ಬೇಡ ಅನ್ನೋ ಮಾತು ಬಾಯಿಗೆ ಬಂದಿತ್ತು. ಬಂದಿತ್ತು ಕಣೋ! ಅಪ್ಪಣೆ ಕೊಡಬಾರದು ಅಂದಿದ್ರಲ್ಲ... ಕೇಳಬೇಕು ಅಂದಿದ್ರು, ಕೇಳ್ದೆ.

ಬೈಯೋ. ಏನಾದ್ರೂ ಅನ್ನೋ.

ಯಾಕೋ... ಯಾಕೋ ಕೈ ಎತ್ತುತ್ತೀಯ? ಇಳಿಸು, ಬ್ಯಾಂಡೇಜು ಜಾರ್ತದೆ... ಎರಡೂ ಯಾಕೋ ತೋರಿಸ್ತೀಯ ನಂಗೆ?

ಇಳಿಸೋ ಕನಕಾ. ನನ್ನ ಜೇಬಲ್ಲಿ ಏನೂ ಇಲ್ಲ.