ಅರಿಸ್ಟೊಲೋಕಿಯ ಅಂದರೆ ಒಳ್ಳೆಯ ಹೆರಿಗೆ

ಹಲೋ, ಸಸ್ಯೋದ್ಯಾನ... ಯಾರು ಮಾತಾಡೋದು? ... ಓ ಭಾವ, ನೀವಾ? ಲ್ಯಾಟಿನ್ ಮೇಷ್ಟ್ರಿಗೆ ನಾದಿನಿ ನೆನಪಾಗಿದ್ದಾಳೆ ಅಂದ್ರೆ ಏನೋ ಇದೆ.

... ಅಕ್ಕ ಹೇಗಿದ್ದಾಳೆ? ... ಹಾಂ, ಹೆರಿಗೆ ದಿನ ಹತ್ರ ಬಂತಲ್ವಾ, ಕಾಲು ಊದುತ್ತೆ. ದಿಂಬಿನ ಮೇಲೆ ಎತ್ತಿಟ್ಕೊಳ್ಳೋಕೆ ಹೇಳಿ.

... ಅರಿಸ್ಟೊಲೋಕಿಯನಾ? ನಮ್ಮ ಉದ್ಯಾನದ ಬೇಲಿ ಬಳ್ಳಿಗೆ ನಾನೇ ಹೆಸರು ಬರೆದು ನೇತುಹಾಕಿದ ತಗಡು ಅದು. ಇಷ್ಟು ವರ್ಷದಲ್ಲಿ ಅದನ್ನ ಓದಿದ ಮೊದಲನೇ ಪ್ರಾಣಿ ನೀವು. ಸನ್ಮಾನ ಇಟ್ಕೊಳ್ಳೋಣ.

... ಹಾಂ, ಮೂಲ ಗ್ರೀಕೇ. ಅರಿಸ್ಟೊಸ್ ಅಂದ್ರೆ ಅತ್ಯುತ್ತಮ, ಲೋಕಿಯ ಅಂದ್ರೆ ಹೆರಿಗೆ. ಸ್ತ್ರೀಲಿಂಗ, ಇನ್ನೇನು ಪುಲ್ಲಿಂಗ ಆಗುತ್ತಾ? ... ಷಷ್ಠಿ ವಿಭಕ್ತೀಲಿ ಅರಿಸ್ಟೊಲೋಕಿಯೈ. ... ಗ್ರೀಕ್ ಪ್ರತ್ಯಯ ಯಾಕೆ ಉಳಿಯುತ್ತೆ ಭಾವ? ಲ್ಯಾಟಿನ್ ಮನೆಗೆ ಬಂದ ಸೊಸೆ, ಆ ಮನೆ ಸೀರೆ ಉಡ್ತಾಳೆ. ದಿನಾ ಪಾಠ ಮಾಡೋರು ನೀವು, ನನ್ನ ಕೇಳ್ತೀರಲ್ಲ.

... ಡಬ್ಬಿ ಮೇಲೆ ಬರೆಯೋಕಾ? ಯಾವ ಡಬ್ಬಿ? ... ಆ ಬಳ್ಳಿ ಬೇರಾ? ಓಹೋ, ನಮ್ಮ ಬೇಲಿ ಬುಡ ಅಗೆದೋರು ನೀವಾ? ಪಾಪ, ಕಾವಲುಗಾರ ಹೆಗ್ಗಣ ಅಂತ ಬೋನು ಇಟ್ಕೊಂಡು ಕೂತಿದ್ದಾನೆ.

... ಕಷಾಯ. ಅಕ್ಕನಿಗೆ. ಹೆಸರಲ್ಲೇ ಹೆರಿಗೆ ಇದೆ ಅಂತ. ... ಭಾವ, ಹೂವು ಗರ್ಭಕೋಶದ ಥರ ಬಾಗಿದೆ ಅಂತ ಯಾವನೋ ಇಟ್ಟ ಹೆಸರಂತೆ ಅದು. ಶಬ್ದ ಬಿಡಿಸಿದ ತಕ್ಷಣ ಬೇರಿನ ಗುಣಾನೂ ಗೊತ್ತಾಗಿಹೋಯ್ತಾ ನಿಮಗೆ? ಅದು ವಿಷ. ಮೂತ್ರಪಿಂಡ ಹಾಳುಮಾಡುತ್ತೆ.

... ಅಕ್ಕ ಕುಡಿದ್ಲಾ? ... ಸುತ್ತಿ ಬಳಸಿ ಹೇಳ್ಬೇಡಿ. ಕುಡಿದ್ಲಾ ಇಲ್ವಾ ಭಾವ? ... ಬೇಡ, ಫೋನ್ ಅವಳಿಗೆ ಕೊಡಿ.

... ಅಕ್ಕಾ, ಕುಡಿದ್ಯಾ ಅದನ್ನ? ... ಒಂದು ಗುಟುಕೂ ಇಲ್ಲ ತಾನೇ? ... ವಾಸನೆಗೇ ವಾಂತಿ ಬಂತಾ? ಸದ್ಯ, ಹೋದ ಜೀವ ಬಂತು ನನಗೆ. ಆ ಲೋಟ ಬಚ್ಚಲಿಗೆ ಸುರಿದುಬಿಡು.

... ಖಾಲಿ ಅಂದ್ರೆ? ... ನಿನಗೆ ಧೈರ್ಯ ಬರ್ಲಿ ಅಂತ ಅವರೇ ಕುಡಿದ್ರಾ? ಪೂರ್ತಿನಾ? ... ಅಯ್ಯೋ ಪುಣ್ಯಾತ್ಮ.

... ಅಳಬೇಡ, ನನ್ನ ಮಾತು ಕೇಳು. ಪಕ್ಕದ ಮನೆಯವರ ಕಾರು ಕೇಳು, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ... ಹೆರಿಗೆ ವಾರ್ಡಿಗಲ್ಲ ಕಣಕ್ಕ, ತುರ್ತು ವಾರ್ಡಿಗೆ. ಮಗು ಹುಟ್ಟೋ ಹೊತ್ತಿಗೆ ಅಪ್ಪ ಅಂತ ಒಬ್ಬ ಇರ್ಬೇಕಲ್ವಾ... ಹಲೋ? ಅಕ್ಕಾ? ... ಹಲೋ...