ನಾಯಂಡಹಳ್ಳಿ ಸಿಗ್ನಲ್ಲಿನ ಫ್ರೆಂಚು

ನಗು ಮುನಿಯಣ್ಣ, ನಗು. ಕತ್ತರಿ ಮಾತ್ರ ಕಿವಿಯಿಂದ ಸ್ವಲ್ಪ ದೂರ ಇಟ್ಕೊಂಡು ನಗು. ಇಡೀ ವಿಜಯನಗರದಲ್ಲಿ ಫ್ರೆಂಚ್ ಮಾತಾಡೋ ಕಾರ್ ಡ್ರೈವರ್ ಎಷ್ಟು ಜನ ಇದಾರೆ ಹೇಳು ನೋಡೋಣ. ಕಾಂತರಾಜು ಒಬ್ಬನೇ. ಆ ಒಬ್ಬನ ತಲೆ ಈಗ ನಿನ್ನ ಕೈಲಿದೆ, ಹುಷಾರು.

ಮೂರು ವರ್ಷ ಕಣಯ್ಯ. ಕೆಂಗೇರಿಯಿಂದ ಪೀಣ್ಯದ ಫ್ಯಾಕ್ಟರಿಗೆ, ಫ್ರಾನ್ಸಿಂದ ಕೆಲಸಕ್ಕೆ ಬಂದಿದ್ದ ಕ್ಲೇರ್ ಮೇಡಂನ ದಿನಾ ಕರ್ಕೊಂಡು ಹೋಗಿದ್ದು ನಾನೇ. ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಒಂದೊಂದು ಮಾತು ಹೇಳ್ಕೊಡೋರು. ಆ ಸಿಗ್ನಲ್ ಬೇಗ ಬೇಗ ಬಿಟ್ಟಿದ್ದಿದ್ರೆ ನಾನು ದಡ್ಡನಾಗೇ ಉಳೀತಿದ್ದೆ. ಇನ್ನೊಂದು ವರ್ಷ ಅಲ್ಲೇ ನಿಂತಿದ್ರೆ, ಪ್ಯಾರಿಸ್‌ನೋರೇ ಉಚ್ಚಾರಣೆ ತಿದ್ದಿಸ್ಕೊಳ್ಳೋಕೆ ನನ್ನತ್ರ ಬರ್ಬೇಕಿತ್ತು.

ಕೇಳ್ಕೋ, ಗಿರಾಕಿ ಕಳಿಸೋವಾಗ ನಿನಗೂ ಆಗುತ್ತೆ. 'ಓ ರವ್ವಾರ್' ಅಂದ್ರೆ ಮತ್ತೆ ಸಿಗೋಣ. ನಾಳೇನೇ ಸಿಗೋದಾದ್ರೆ 'ಅ ದಮ್ಯಾಂ'. ಬೆಳಿಗ್ಗೆ ಇಳಿಸುವಾಗ 'ಬೋನ್ ಜೂರ್ನೆ', ದಿನ ಚೆನ್ನಾಗಿರ್ಲಿ. ಮ್ಯಾನೇಜರ್ ಜೊತೆ ಮೀಟಿಂಗ್ ಇದ್ರೆ 'ಬೋಂ ಕುರಾಜ್', ಧೈರ್ಯವಾಗಿರಿ. ದೂರ ಹೊರಟೋರಿಗೆ 'ಬೋಂ ವೊಯಾಜ್'. ನಮ್ಮದು ನೋಡು, ಹಾಲು ತರೋಕೆ ಹೊರಟ್ರೂ 'ಬರ್ತೀನಿ', ದುಬೈಗೆ ಹೊರಟ್ರೂ 'ಬರ್ತೀನಿ'. 'ಹೋಗ್ತೀನಿ' ಅಂತ ಮಾತ್ರ ಅನ್ಬಾರ್ದು ಮೇಡಂ ಅಂತ ನಾನೂ ಕಲಿಸಿದ್ದೆ. ದಿನಾ ಕಾರಿಳಿದು 'ಬರ್ತೀನಿ ರಾಜು' ಅನ್ನೋರು. ಗೇಟಿನ ಸೆಕ್ಯೂರಿಟಿ ಬಾಯಿ ಬಿಟ್ಕೊಂಡು ನೋಡೋನು.

ಇವತ್ತು ಸಂಜೆ ಮೇಡಂ ವಾಪಸ್ ಅವರೂರಿಗೆ ಹೋಗೋ ಫ್ಲೈಟು. ರಾಜು ಬರದೆ ಹತ್ತೋದೇ ಇಲ್ಲ ಅಂದ್ಬಿಟ್ಟಿದಾರೆ. ಅದಕ್ಕೇ ಈ ಕಟಿಂಗು. ಸೈಡಲ್ಲಿ ಸಣ್ಣಗೆ ಮಾಡು, ಪೈಲಟ್ ನೋಡಿ ಹೊಟ್ಟೆ ಉರ್ಕೋಬೇಕು.

ಆ ಚೀಲಾನಾ? ಮನೆಯೋಳು ವಿಮಲ ಕಟ್ಟಿಕೊಟ್ಟಿದ್ದು. ಹೆಣ್ಣುಮಗಳನ್ನ ಬರಿಗೈಲಿ ಕಳಿಸಬಾರ್ದು ಅಂತ ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದು ರವಿಕೆ ಕಣ. ಮೇಡಂ ಎಲ್ಲಿ ರವಿಕೆ ಹೊಲಿಸ್ತಾರೆ ಅಂತ ಕೇಳ್ಬೇಡ. ಕಿಟಕಿಗೆ ಕಟ್ಕೊಳ್ಲಿ.

ಯಾಕಯ್ಯ, ಕತ್ತರಿ ನಿಲ್ಲಿಸ್ಬಿಟ್ಟೆ?

ನನ್ನ ತಲೆ ನೋಡು, ಚೀಲ ಯಾಕೆ ನೋಡ್ತೀಯ. ಬಾಳೆಹಣ್ಣು ತಾನೆ... ಬಿಸಿಲಿಗೆ ಕಪ್ಪಾಗುತ್ತೆ. ಎಲೆನೂ ಬಾಡುತ್ತೆ. ಕಾರಲ್ಲಿತ್ತು.

...ನಾಲ್ಕು ದಿನದಿಂದ ಇತ್ತು.

ಸೋಮವಾರ ಅವರ ಅಪಾರ್ಟ್‌ಮೆಂಟ್ ಗೇಟಲ್ಲಿ ಇದನ್ನ ಹಿಡ್ಕೊಂಡು ಎರಡು ಗಂಟೆ ನಿಂತಿದ್ದೆ. ಕಂಪನಿಯೋರು ಬೇರೆ ದೊಡ್ಡ ಕಾರು ಕಳಿಸಿ, ಬೆಳಿಗ್ಗೇನೇ ಏರ್‌ಪೋರ್ಟಿಗೆ ಕರ್ಕೊಂಡು ಹೋಗಿದ್ರು. ಮಧ್ಯಾಹ್ನ ಫೋನಿಗೆ ಒಂದು ಮೆಸೇಜು. 'ಬೋನ್ ಕೊಂತಿನ್ಯುವಾಸ್ಯೋಂ, ರಾಜು.' ಇದೊಂದನ್ನ ಸಿಗ್ನಲ್‌ನಲ್ಲಿ ಹೇಳ್ಕೊಟ್ಟಿರ್ಲಿಲ್ಲ. ಮಗಳು ಮಾನಸ ಹುಡುಕಿ ಹೇಳಿದ್ಲು, ಮುಂದಕ್ಕೂ ಎಲ್ಲ ಚೆನ್ನಾಗಿ ನಡೀಲಿ ಅಂತ ಅಪ್ಪ, ಅಂತ. ಇನ್ನು ಸಿಗದೇ ಇರೋರಿಗೆ ಹೇಳೋದಂತೆ. ಎಷ್ಟು ಅಚ್ಚುಕಟ್ಟು ನೋಡು ಅವರ ಭಾಷೆ. ಅದಕ್ಕೂ ಒಂದು ಮಾತು ಮಾಡಿಟ್ಟಿದಾರೆ.

ಸರಿ, ಕತ್ತಿನ ಬಟ್ಟೆ ಬಿಚ್ಚು. ಅರ್ಧ ಕಟಿಂಗ್ ಸಾಕು, ನೋಡೋರು ಯಾರಿದಾರೆ. ತೆಂಗಿನಕಾಯಿ ಇನ್ನೂ ಚೆನ್ನಾಗಿದೆ, ಮನೆಗೆ ತಗೊಂಡು ಹೋಗು. ಬರ್ತೀನಿ ಮುನಿಯಣ್ಣ.

...ಬರ್ತೀನಿ ಅಂದೆ. ನೀನಾದ್ರೂ 'ಹೋಗ್ಬಾ' ಅನ್ನಪ್ಪ.